ಹಾರ್ಡ್‌ಬೂಟ್ ಕಾರ್ವಿಂಗ್‌ಗೆ ಸ್ಟೆಪ್-ಇನ್ ಬೈಂಡಿಂಗ್ ಆರಿಸಿಕೊಳ್ಳುವ ಬಗೆ

ಸ್ನೋಬೋರ್ಡನ್ನು ಅಡ್ಡಲಾಗಿ ಜಾರಿಸದೆ, ಅದರ ಉಕ್ಕಿನ ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ಹಿಮದಲ್ಲಿ ಒಂದೇ ಒಂದು ತೆಳು ಗೆರೆಯನ್ನು ಕೊರೆಯುತ್ತ ತಿರುಗುವುದಕ್ಕೆ ಕಾರ್ವಿಂಗ್ ಎನ್ನುತ್ತಾರೆ. ಮೆತ್ತನೆಯ ಬೂಟಿನಲ್ಲೂ ಇದನ್ನು ಮಾಡಬಹುದು. ಆದರೆ ಯಂತ್ರ ಹಾಯಿಸಿ ಸಮಮಾಡಿದ ಗಟ್ಟಿ ಇಳಿಜಾರಿನಲ್ಲಿ, ವೇಗವಾಗಿ, ಕೈ ನೆಲಕ್ಕೆ ತಾಗುವಷ್ಟು ಮೈಯನ್ನು ಓರೆಮಾಡಿ ತಿರುಗಬೇಕೆನ್ನುವವರು ಗಟ್ಟಿ ಪ್ಲಾಸ್ಟಿಕ್ ಚಿಪ್ಪಿನ ಹಾರ್ಡ್‌ಬೂಟನ್ನೂ, ಆ ಬೂಟನ್ನು ಬೋರ್ಡಿಗೆ ಬಿಗಿದು ಹಿಡಿಯಲೆಂದೇ ಮಾಡಿದ ಪ್ಲೇಟ್ ಬೈಂಡಿಂಗನ್ನೂ ಬಳಸುತ್ತಾರೆ. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ, ನೆಟ್ಟ ಕಂಬಗಳನ್ನು ಬಳಸಿ ಇಳಿಯುವ ಜಯಂಟ್ ಸ್ಲಾಲಮ್ ಆಗಿ ಸೇರ್ಪಡೆಯಾಗಿ, 2002ರಿಂದ ಇಬ್ಬರು ಅಕ್ಕಪಕ್ಕದಲ್ಲಿ ಇಳಿಯುವ ಪ್ಯಾರಲಲ್ ಜಯಂಟ್ ಸ್ಲಾಲಮ್ ರೂಪದಲ್ಲಿ ನಡೆಯುತ್ತಿರುವ ಸ್ಪರ್ಧೆಯಲ್ಲಿ ಕಾಣುವುದು ಈ ಸಲಕರಣೆಯೇ. ಝೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ 2018ರಲ್ಲೂ 2022ರಲ್ಲೂ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ.

ಹಾರ್ಡ್‌ಬೂಟ್ ಬಳಸುವವರ ಸಂಖ್ಯೆ ಕಡಿಮೆ. ಆಲ್ಪ್ಸ್ ಬೆಟ್ಟಗಳ ಸುತ್ತಲಿನ ಊರುಗಳಲ್ಲಿ ಅಥವಾ ಅಮೆರಿಕದ ಕೊಲರಾಡೊದಲ್ಲಿ ನೆಲೆಸಿ, ಚಳಿಗಾಲದ ಶನಿವಾರ ಭಾನುವಾರಗಳಲ್ಲಿ ಬೆಟ್ಟ ಹತ್ತುವ ಕನ್ನಡಿಗರಿಗೂ ಪಕ್ಕದ ಕ್ರೀಡಾ ಅಂಗಡಿಯಲ್ಲಿ ಈ ಬೈಂಡಿಂಗ್ ಸುಲಭವಾಗಿ ಕೈಗೆ ಸಿಗುವುದಿಲ್ಲ. ಹೆಚ್ಚಿನವರು ಕಣ್ಣಾರೆ ನೋಡದೆ, ಅಂಚೆಯಲ್ಲಿ ತರಿಸಿಕೊಳ್ಳುತ್ತಾರೆ. ಆದ್ದರಿಂದಲೇ ಹಣ ಕೊಡುವ ಮೊದಲು ಏನನ್ನು ಅಳೆಯಬೇಕು, ಏನನ್ನು ಕೇಳಬೇಕು ಎಂಬುದು ತಿಳಿದಿರಬೇಕು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸ್ಟೆಪ್-ಇನ್ ಬೈಂಡಿಂಗ್‌ನ ಆಯ್ಕೆ ಬೈಂಡಿಂಗ್‌ನಿಂದ ಅಲ್ಲ, ಬೂಟಿನ ಹಿಮ್ಮಡಿಯಿಂದ ಆರಂಭವಾಗಬೇಕು.

ಸ್ಟೆಪ್-ಇನ್ ಎಂದರೆ ಯಾವುದು, ಯಾವುದಲ್ಲ

ಹಾರ್ಡ್‌ಬೂಟಿನ ಬೈಂಡಿಂಗ್‌ಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಬೇಲ್ ಬೈಂಡಿಂಗ್. ಅದರಲ್ಲಿ ಹಿಮ್ಮಡಿಯ ಹಿಂದೆ ಒಂದು ಉಕ್ಕಿನ ಕಮಾನು, ಬೆರಳ ತುದಿಯ ಮುಂದೆ ಸನ್ನೆಯಿರುವ, ಅಂದರೆ ಲಿವರ್ ಇರುವ, ಇನ್ನೊಂದು ಕಮಾನು ಇರುತ್ತದೆ. ಹಿಮ್ಮಡಿಯನ್ನು ಹಿಂದಿನ ಕಮಾನಿಗೆ ಸಿಕ್ಕಿಸಿ, ಬಗ್ಗಿ, ಮುಂದಿನ ಸನ್ನೆಯನ್ನು ಕೈಯಿಂದ ಎತ್ತಿ ಬಿಗಿಯಬೇಕು. ಎರಡನೆಯದು ಸ್ಟೆಪ್-ಇನ್. ಇದರಲ್ಲಿ ಮುಂದಿನ ಕಮಾನಿನಡಿ ಬೂಟಿನ ಮೂತಿಯನ್ನು ತೂರಿಸಿ ಹಿಮ್ಮಡಿಯನ್ನು ಕೆಳಕ್ಕೆ ತುಳಿದರೆ ಸಾಕು. ಹಿಮ್ಮಡಿಯ ಎರಡು ಪಕ್ಕಗಳಿಂದ ಚಾಚಿಕೊಂಡಿರುವ ಸ್ಪ್ರಿಂಗ್ ಪಿನ್‌ಗಳು ಬೈಂಡಿಂಗ್‌ನ ಓರೆ ಗೋಡೆಗೆ ತಾಗಿ ಒಳಸರಿದು, ತೂತಿನ ನೇರಕ್ಕೆ ಬಂದೊಡನೆ ಬಾಗಿಲಿನ ಅಗುಳಿಯಂತೆ ಹೊರಚಿಮ್ಮಿ ಕೂರುತ್ತವೆ. ಬಿಡಿಸಿಕೊಳ್ಳಬೇಕಾದಾಗ, ಹಿಮ್ಮಡಿಯಿಂದ ಬೂಟಿನ ಮೇಲ್ತುದಿಯವರೆಗೆ ಬಂದಿರುವ ಕೇಬಲ್ಲಿನ ಹಿಡಿಯನ್ನು ಎಳೆಯಬೇಕು. ಪಿನ್‌ಗಳು ಒಳಹೋಗುತ್ತವೆ, ಕಾಲು ಮೇಲೆದ್ದು ಬರುತ್ತದೆ.

ಹಾರ್ಡ್‌ಬೂಟ್ ಲೋಕದಲ್ಲಿ ಇಂದು ಸ್ಟೆಪ್-ಇನ್ ಎಂದರೆ ಬಹುಮಟ್ಟಿಗೆ ಇಂಟೆಕ್ ಎಂಬ ಈ ಪಿನ್ ವ್ಯವಸ್ಥೆಯೇ. ಅದೇ ಅಳತೆಗೆ ಹೊಂದುವಂತೆ ಅಮೆರಿಕದ ಬಾಂಬರ್ ಸಂಸ್ಥೆ ರೂಪಿಸಿದ ಹಿಮ್ಮಡಿಗೆ ಫಿಂಟೆಕ್ ಎಂದು ಹೆಸರು. ಬರ್ಟನ್ ಸಂಸ್ಥೆ 2017ರಲ್ಲಿ ತಂದ ಸ್ಟೆಪ್ ಆನ್ ಆಗಲಿ, 1990ರ ದಶಕದ ಕೆ2 ಕ್ಲಿಕ್ಕರ್ ಆಗಲಿ ಮೆತ್ತನೆಯ ಬೂಟಿನವು. ಹೆಸರು ಹತ್ತಿರವಿದ್ದರೂ ಅವುಗಳಿಗೂ ನಮ್ಮ ವಿಷಯಕ್ಕೂ ಸಂಬಂಧವಿಲ್ಲ. ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ಹುಡುಕುವವರು ಈ ಹೆಸರುಗಳನ್ನು ಬೆರೆಸಿಕೊಂಡು ಮೋಸಹೋಗುವುದುಂಟು.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ನಿವಾರಿಸಬೇಕು. ಸ್ಕೀ ಬೈಂಡಿಂಗ್ ಬಿದ್ದಾಗ ತಾನಾಗಿ ಬೂಟನ್ನು ಬಿಟ್ಟುಕೊಡುತ್ತದೆ. ಸ್ಟೆಪ್-ಇನ್ ಹಾಗೆ ಬಿಡುವುದಿಲ್ಲ, ಬಿಡಲೂಬಾರದು. ಒಂದು ಕಾಲು ಕಳಚಿ ಇನ್ನೊಂದು ಕಾಲು ಉದ್ದ ಬೋರ್ಡಿಗೆ ಅಂಟಿಕೊಂಡೇ ಉಳಿದರೆ ಮೊಣಕಾಲಿನ ಮೇಲೆ ಬೀಳುವ ತಿರುಚು ಬಲ ಅತ್ಯಂತ ಅಪಾಯಕಾರಿ. ಆದುದರಿಂದ ಸುಲಭವಾಗಿ ಕಳಚುವುದು ಈ ಬೈಂಡಿಂಗ್‌ನ ಗುಣವಲ್ಲ. ನಾವು ಎಳೆದಾಗ ಮಾತ್ರ ಕಳಚುವುದು ಅದರ ಗುಣ.

ನಿಮಗೆ ಇದು ಬೇಕೇ

ಬೆಟ್ಟದಲ್ಲಿ ಪ್ರತಿ ಸಲ ಲಿಫ್ಟ್ ಏರುವಾಗಲೂ ಹಿಂದಿನ ಕಾಲನ್ನು ಬಿಡಿಸಿಕೊಂಡು, ಮೇಲೆ ತಲುಪಿದ ಮೇಲೆ ಮತ್ತೆ ಕಟ್ಟಿಕೊಳ್ಳಬೇಕು. ದಿನಕ್ಕೆ 15 ಸಲ ಲಿಫ್ಟ್ ಏರುವವರು ಬೇಲ್ ಬೈಂಡಿಂಗ್ ಇದ್ದರೆ 30 ಸಲ ಬಗ್ಗಬೇಕಾಗುತ್ತದೆ. ಗಟ್ಟಿ ಬೂಟು, ದಪ್ಪ ಬಟ್ಟೆಗಳೊಂದಿಗೆ ಬಗ್ಗುವುದು ಬೆನ್ನುನೋವಿರುವವರಿಗೆ ಸಣ್ಣ ಮಾತಲ್ಲ. ಅಂಥವರಿಗೆ ಸ್ಟೆಪ್-ಇನ್ ಕೇವಲ ಅನುಕೂಲವಲ್ಲ, ಆಟವನ್ನು ಮುಂದುವರಿಸಲು ಇರುವ ದಾರಿ.

ಆದರೆ ಬೇಲ್ ಕೆಳದರ್ಜೆಯದು, ಸ್ಟೆಪ್-ಇನ್ ಮೇಲ್ದರ್ಜೆಯದು ಎಂಬ ಭಾವನೆ ಬೇಡ. ಸ್ಪರ್ಧೆಗೆ ಇಳಿಯುವ ಅನೇಕರು ಇಂದಿಗೂ ಬೇಲ್ ಬೈಂಡಿಂಗನ್ನೇ ಬಳಸುತ್ತಾರೆ, ಏಕೆಂದರೆ ಕಮಾನಿನ ಸರಳು ಸ್ವಲ್ಪ ಬಾಗಿ ಕೊಡುವ ಮೆದುತನ ಅವರಿಗೆ ಬೇಕು. ಕೆಟ್ಟುಹೋಗುವ ಭಾಗಗಳೂ ಅದರಲ್ಲಿ ಕಡಿಮೆ. ಹಿಮ್ಮಡಿ ಎರಡೂ ಪಕ್ಕಗಳಲ್ಲಿ ಪಿನ್‌ನಿಂದ ಬಂಧಿತವಾಗುವ ಸ್ಟೆಪ್-ಇನ್‌ನಲ್ಲಿ ಕಾಲಿನ ಅಡ್ಡ ಅಲುಗಾಟ ಕಡಿಮೆಯಾಗಿ, ಇಡೀ ಜೋಡಣೆ ಹೆಚ್ಚು ಬಿಗಿಯೆನಿಸುತ್ತದೆ. ಇದು ಕೆಲವರಿಗೆ ಹಿತ, ಕೆಲವರಿಗೆ ಒರಟು. ಹೊಸ ಹಿಮ ಮೊಣಕಾಲುದ್ದ ಬೀಳುವ ಜಾಗಗಳಲ್ಲೇ ಹೆಚ್ಚು ಆಡುವವರಿಗೂ ನಾನು ಬೇಲ್ ಬೈಂಡಿಂಗನ್ನೇ ಸೂಚಿಸುತ್ತೇನೆ. ಹಿಮ್ಮಡಿಯ ತೊಟ್ಟಿಯಲ್ಲಿ ಹಿಮ ಮೆತ್ತಿಕೊಳ್ಳುವ ತೊಂದರೆ ಸ್ಟೆಪ್-ಇನ್‌ನಲ್ಲಿ ಹೆಚ್ಚು.

ಮೊದಲು ಬೂಟು

ಇಂಟೆಕ್ ಹಿಮ್ಮಡಿಯನ್ನು ಬೂಟಿನ ತಳಕ್ಕೆ ಸ್ಕ್ರೂಗಳಿಂದ ಜೋಡಿಸಬೇಕು. ಹಾಗಾಗಿ, ಹಿಮ್ಮಡಿಯ ತುಂಡನ್ನು ಬಿಚ್ಚಿ ಬದಲಾಯಿಸಲು ಬರುವ ಬೂಟು ನಿಮ್ಮಲ್ಲಿರಬೇಕು. ಡೀಲಕ್ಸ್, ಅದಕ್ಕೂ ಹಿಂದಿನ ರೈಕ್ಲೆ, ಹೆಡ್, ಯುಪಿಝಡ್ ಮುಂತಾದ ಹೆಸರಿನ ಸ್ನೋಬೋರ್ಡ್ ಹಾರ್ಡ್‌ಬೂಟುಗಳಲ್ಲಿ ಈ ಏರ್ಪಾಡು ಕಾಣಸಿಗುತ್ತದೆ. ಆದರೆ ಒಂದು ಬೂಟಿನ ಹಿಮ್ಮಡಿ ಇನ್ನೊಂದಕ್ಕೆ ನೇರವಾಗಿ ಕೂರುತ್ತದೆಂದು ಭಾವಿಸಬಾರದು. ತೂತುಗಳ ಸ್ಥಾನ, ಹಿಮ್ಮಡಿಯ ಎತ್ತರ, ಕೇಬಲ್ ಹಾಯುವ ದಾರಿ ಇವೆಲ್ಲ ಬೇರೆಯಾಗಿರಬಹುದು. ಬೂಟಿನ ಹೆಸರು, ಮಾದರಿ, ತಳದ ಚಿತ್ರ ಮೂರನ್ನೂ ಮಾರುವವರಿಗೆ ಕಳುಹಿಸಿ, ಇದೇ ಬೂಟಿಗೆ ಈ ಹಿಮ್ಮಡಿ ಹೊಂದುತ್ತದೆಯೇ ಎಂದು ಬರಹದಲ್ಲಿ ಉತ್ತರ ಪಡೆಯುವುದು ಒಳ್ಳೆಯದು.

ಸ್ಕೀ ಬೂಟು ಮನೆಯಲ್ಲಿದೆ, ಅದನ್ನೇ ಬಳಸುತ್ತೇನೆ ಎನ್ನುವವರಿಗೆ ಸ್ಟೆಪ್-ಇನ್ ಸಾಧ್ಯವೇ ಇಲ್ಲ. ಬೇಲ್ ಬೈಂಡಿಂಗ್‌ನಲ್ಲಿ ಸ್ಕೀ ಬೂಟನ್ನು ಕೂರಿಸಿ ಕಲಿಯಲು ಆರಂಭಿಸಬಹುದು. ಆದರೆ ಸ್ಕೀ ಬೂಟಿನ ಹಿಮ್ಮಡಿ ಹಿಂದಕ್ಕೆ ಚಾಚಿರುವುದರಿಂದ ತಳ ಉದ್ದವಾಗಿ, ಬೋರ್ಡಿನಿಂದಾಚೆ ಹೊರಚಾಚುತ್ತದೆ. ಸ್ನೋಬೋರ್ಡ್ ಹಾರ್ಡ್‌ಬೂಟಿನ ಹಿಮ್ಮಡಿಯನ್ನು ಒಳಕ್ಕೆ ಎಳೆದು ಕಿರಿದುಮಾಡಿರುವುದೇ ಈ ತೊಂದರೆ ತಪ್ಪಲೆಂದು.

ಹಿಮ್ಮಡಿ ಕೂರಿಸಿದ ಮೇಲೆ ಕೇಬಲ್ಲಿನ ಉದ್ದವನ್ನು ಪರೀಕ್ಷಿಸುವುದು ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು, ಹೆಚ್ಚಿನವರು ಮರೆಯುವುದೂ ಅದನ್ನೇ. ನೇರವಾಗಿ ನಿಂತಾಗ ಕೇಬಲ್ ಸರಿಯಾಗಿದೆ ಎನಿಸಬಹುದು. ಆದರೆ ತಿರುವಿನ ನಡುವೆ ಮೊಣಕಾಲನ್ನು ಆಳವಾಗಿ ಮಡಿಸಿದಾಗ ಬೂಟಿನ ಮೇಲ್ಭಾಗ ಮುಂದಕ್ಕೆ ವಾಲುತ್ತದೆ, ಆಗ ಗಿಡ್ಡ ಕೇಬಲ್ ತಾನಾಗಿ ಬಿಗಿದು ಪಿನ್‌ಗಳನ್ನು ತುಸು ಒಳಕ್ಕೆ ಎಳೆಯಬಲ್ಲದು. ಮನೆಯಲ್ಲೇ ಬೂಟು ತೊಟ್ಟು, ಬಕಲ್‌ಗಳನ್ನೆಲ್ಲ ಬಿಗಿದು, ಆಗುವಷ್ಟು ಮುಂದಕ್ಕೆ ಬಾಗಿ, ಇನ್ನೊಬ್ಬರಿಂದ ಪಿನ್‌ಗಳನ್ನು ನೋಡಿಸಿ. ಕೂದಲೆಳೆಯಷ್ಟು ಒಳಸರಿದರೂ ಕೇಬಲ್‌ಗೆ ಇನ್ನಷ್ಟು ಸಡಿಲ ಕೊಡಬೇಕು. ಹಾಗೆಂದು ತೀರಾ ಸಡಿಲ ಬಿಟ್ಟರೆ ಹಿಡಿಯನ್ನು ಪೂರ್ತಿ ಎಳೆದರೂ ಪಿನ್ ಒಳಹೋಗುವುದಿಲ್ಲ. ಈ ಎರಡರ ನಡುವಿನ ಅಳತೆ ಸಿಗುವವರೆಗೆ ತಾಳ್ಮೆ ಬೇಕು. ಹಿಡಿ ಹೊರಗೆ ಜೋತಾಡದಂತೆ, ಆದರೆ ಕೈಗವಸು ತೊಟ್ಟ ಕೈಗೆ ಸಿಗುವಂತೆ ಇರಬೇಕು.

ಬಿಗಿಯೋ ಮೆದುವೋ

ಬೈಂಡಿಂಗ್‌ನ ಬಿಗಿತ ಎಷ್ಟಿರಬೇಕು ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಎಫ್2 ಸಂಸ್ಥೆಯ ಇಂಟೆಕ್ ಬೈಂಡಿಂಗ್‌ಗಳು ಹಗುರ, ತೆಳು, ಸ್ವಲ್ಪ ಬಾಗಿ ಕೊಡುವ ಸ್ವಭಾವದವು. ಬೆಣೆಯಾಕಾರದ ತುಂಡುಗಳನ್ನು ಮೂತಿಯ ಅಥವಾ ಹಿಮ್ಮಡಿಯ ಕೆಳಗೆ ಸೇರಿಸಿ ಅವುಗಳಲ್ಲಿ ಎತ್ತರವನ್ನೂ ಓರೆಯನ್ನೂ ಹೊಂದಿಸಬಹುದು. ಬಾಂಬರ್‌ನ ಟಿಡಿ3 ಸ್ಟೆಪ್-ಇನ್ ಲೋಹದ ಗಟ್ಟಿ ಕಟ್ಟಡ. ಅದರ ಓರೆಯ ತಟ್ಟೆಗಳು 0, 3, 6 ಡಿಗ್ರಿಗಳಲ್ಲಿ ಬರುತ್ತವೆ, ಬೋರ್ಡಿಗೂ ಬೈಂಡಿಂಗ್‌ಗೂ ನಡುವೆ ಕಂಪನವನ್ನು ಹೀರುವ ರಬ್ಬರಿನಂಥ ಪದರ ಇರುತ್ತದೆ. ಅದೇ ಸಂಸ್ಥೆಯ ಸೈಡ್‌ವೈಂಡರ್ ಎಂಬ ಮಾದರಿ ಕಾಲನ್ನು ಅಡ್ಡಕ್ಕೆ ಸ್ವಲ್ಪ ತೂಗಲು ಬಿಡುತ್ತದೆ.

ನನ್ನ ಅನುಭವದಲ್ಲಿ ಮೈತೂಕ, ಬೂಟಿನ ಬಿಗಿತ, ಬೋರ್ಡಿನ ಬಿಗಿತ ಈ ಮೂರನ್ನೂ ಒಟ್ಟಿಗೆ ನೋಡಬೇಕು. 60 ಕಿಲೋ ಆಸುಪಾಸಿನವರು ಗಟ್ಟಿ ಬೂಟಿನೊಂದಿಗೆ ಗಟ್ಟಿ ಲೋಹದ ಬೈಂಡಿಂಗನ್ನೂ ಜೋಡಿಸಿದರೆ ಹಿಮದ ಪ್ರತಿಯೊಂದು ಉಬ್ಬೂ ಮೊಣಕಾಲಿಗೆ ನೇರವಾಗಿ ಬಡಿಯುತ್ತದೆ, ಸಂಜೆಯ ಹೊತ್ತಿಗೆ ಇಳಿಜಾರು ಗುಂಡಿಬಿದ್ದಾಗ ಆಟ ಶಿಕ್ಷೆಯಾಗುತ್ತದೆ. 90 ಕಿಲೋ ದಾಟಿದವರು ಮೆದು ಬೈಂಡಿಂಗ್‌ನಲ್ಲಿ ಬೋರ್ಡ್ ತಡವಾಗಿ ಪ್ರತಿಕ್ರಿಯಿಸುತ್ತದೆ ಎನ್ನಬಹುದು. ಮೆದು ಬೂಟು ಇರುವವರು ಬಿಗಿ ಬೈಂಡಿಂಗ್, ಬಿಗಿ ಬೂಟು ಇರುವವರು ಮೆದು ಬೈಂಡಿಂಗ್ ಎಂದು ಒಂದನ್ನೊಂದು ಸರಿದೂಗಿಸಿಕೊಳ್ಳುವುದು ಆರಂಭಕ್ಕೆ ಸುರಕ್ಷಿತ ದಾರಿ. ಮೊದಲ ಸ್ಟೆಪ್-ಇನ್ ಕೊಳ್ಳುವವರಿಗೆ ನಾನು ಮೆದು ಕಡೆಗೇ ವಾಲಲು ಹೇಳುತ್ತೇನೆ; ಸ್ಟೆಪ್-ಇನ್‌ನ ಪಿನ್ ಜೋಡಣೆಯೇ ಸಾಕಷ್ಟು ಬಿಗಿತ ತರುತ್ತದೆ.

ಅಳತೆ, ಕೋನ, ಓರೆ

ಕೊಳ್ಳುವ ಮೊದಲು ಎರಡು ಅಳತೆ ಬರೆದಿಟ್ಟುಕೊಳ್ಳಿ: ಬೂಟಿನ ತಳದ ಉದ್ದ, ಮತ್ತು ಬೋರ್ಡಿನಲ್ಲಿ ಬೈಂಡಿಂಗ್ ಕೂರುವ ಜಾಗದ ಅಗಲ. ಪಾದದ ಸಂಖ್ಯೆ ಒಂದೇ ಆದರೂ ತಳದ ಉದ್ದ ಬೂಟಿನಿಂದ ಬೂಟಿಗೆ ಬದಲಾಗುತ್ತದೆ, ಆದ್ದರಿಂದ ಟೇಪಿನಿಂದಲೇ ಅಳೆಯಬೇಕು. ಬೈಂಡಿಂಗ್‌ಗಳು ಚಿಕ್ಕದು, ಮಧ್ಯಮ, ದೊಡ್ಡದು ಎಂಬ ಗಾತ್ರಗಳಲ್ಲಿ ಬರುತ್ತವೆ. ನಿಮ್ಮ ತಳದ ಉದ್ದ ಹೊಂದಾಣಿಕೆಯ ಮಿತಿಯ ಕಟ್ಟಕಡೆಯಲ್ಲಿ ಬೀಳದೆ ನಡುವೆ ಬೀಳುವ ಗಾತ್ರವನ್ನು ಆರಿಸಿಕೊಳ್ಳಿ.

ಕಾರ್ವಿಂಗ್ ಬೋರ್ಡಿನ ನಡು ಸಾಮಾನ್ಯವಾಗಿ 18ರಿಂದ 22 ಸೆಂಟಿಮೀಟರ್ ಅಗಲವಿರುತ್ತದೆ. ಬೂಟು ಅದಕ್ಕಿಂತ ಉದ್ದವಾದ್ದರಿಂದ ಪಾದಗಳನ್ನು ಮುಂದಕ್ಕೆ ತಿರುಗಿಸಿ ಇಡಬೇಕಾಗುತ್ತದೆ. 45ರಿಂದ 65 ಡಿಗ್ರಿ ಸಾಮಾನ್ಯ. ಲೆಕ್ಕ ಸರಳ: ತಳ 30 ಸೆಂಟಿಮೀಟರ್ ಉದ್ದವಿದ್ದು ಕೋನ 60 ಡಿಗ್ರಿ ಇದ್ದರೆ ಆ ಉದ್ದ ಬೋರ್ಡಿನ ಅಗಲಕ್ಕೆ 15 ಸೆಂಟಿಮೀಟರ್ ಆಗಿ ಇಳಿಯುತ್ತದೆ. ಇದರ ಮೇಲೆ ಬೂಟಿನ ಅಗಲವೂ ಸ್ವಲ್ಪ ಜಾಗ ತೆಗೆದುಕೊಳ್ಳುವುದರಿಂದ, ಕಾಗದದ ಲೆಕ್ಕವನ್ನು ನಂಬಿ ಸುಮ್ಮನಾಗದೆ ಬೂಟನ್ನು ಬೋರ್ಡಿನ ಮೇಲೆ ಇಟ್ಟು ನೋಡಲೇಬೇಕು. ಬೂಟಿನ ಮೂತಿಯಾಗಲಿ ಹಿಮ್ಮಡಿಯಾಗಲಿ ಅಂಚಿನಿಂದಾಚೆ ಚಾಚಿದ್ದರೆ, ಬೋರ್ಡನ್ನು ಆಳವಾಗಿ ಓರೆಮಾಡಿದಾಗ ಅದು ಹಿಮಕ್ಕೆ ತಾಗಿ ಅಂಚನ್ನೇ ಮೇಲೆತ್ತಿಬಿಡುತ್ತದೆ. ಇಂಥ ಬೀಳುವಿಕೆ ಮುನ್ಸೂಚನೆ ಕೊಡುವುದಿಲ್ಲ. ಹಿಂದಿನ ಕಾಲಿನ ಕೋನವನ್ನು ಮುಂದಿನದಕ್ಕಿಂತ ಕೆಲವು ಡಿಗ್ರಿ ಕಡಿಮೆ ಇಡುವುದು ರೂಢಿ.

ಎತ್ತರದ ಬೆಣೆಗಳನ್ನು ಸಾಮಾನ್ಯವಾಗಿ ಮುಂದಿನ ಕಾಲಿನ ಮೂತಿಯ ಕೆಳಗೆ, ಹಿಂದಿನ ಕಾಲಿನ ಹಿಮ್ಮಡಿಯ ಕೆಳಗೆ ಹಾಕುತ್ತಾರೆ. ಇದರಿಂದ ಎರಡು ಮೊಣಕಾಲುಗಳೂ ಬೋರ್ಡಿನ ನಡುವಿನತ್ತ ಸಹಜವಾಗಿ ಬಾಗುತ್ತವೆ. 3 ಡಿಗ್ರಿಯಿಂದ ಆರಂಭಿಸಿ, ಮೊಣಕಾಲು ಏನು ಹೇಳುತ್ತದೆಂದು ಒಂದು ದಿನ ಪೂರ್ತಿ ಗಮನಿಸಿ, ಆಮೇಲೆ ಬದಲಾಯಿಸಿ. ಒಂದೇ ದಿನ ಕೋನವನ್ನೂ ಓರೆಯನ್ನೂ ಎರಡು ಕಾಲುಗಳ ಅಂತರವನ್ನೂ ಬದಲಾಯಿಸಿದರೆ ಯಾವುದರಿಂದ ಹಿತವಾಯಿತು, ಯಾವುದರಿಂದ ನೋವಾಯಿತು ಎಂದು ತಿಳಿಯುವುದೇ ಇಲ್ಲ.

ಬೋರ್ಡಿನ ತೂತುಗಳು ಚೌಕದ ನಾಲ್ಕು ಮೂಲೆಗಳಂತೆ 4 ಸೆಂಟಿಮೀಟರ್ ಅಂತರದಲ್ಲಿ ಇವೆಯೇ ಎಂಬುದನ್ನೂ ನೋಡಿಕೊಳ್ಳಿ. ಪ್ಲೇಟ್ ಬೈಂಡಿಂಗ್‌ಗಳ ತಟ್ಟೆ ಈ ಅಳತೆಗೆ ಮಾಡಿರುವುದು. ಸ್ಕ್ರೂಗಳು 6 ಮಿಲಿಮೀಟರ್ ದಪ್ಪದವು. ಅವು ಗಿಡ್ಡವಾದರೆ ನಾಲ್ಕು ಸುತ್ತಿನಲ್ಲಿ ಕಿತ್ತುಬರುತ್ತವೆ, ಉದ್ದವಾದರೆ ಬೋರ್ಡಿನ ತಳವನ್ನು ಒಳಗಿನಿಂದ ಒತ್ತಿ ಉಬ್ಬಿಸುತ್ತವೆ. ಸ್ಕ್ರೂ ಸಡಿಲವಾಗದಿರಲೆಂದು ಹಚ್ಚುವ ದ್ರವ ಅಂಟು ಕೆಲವು ಪ್ಲಾಸ್ಟಿಕ್‌ಗಳನ್ನು ಬಿರುಕುಬಿಡಿಸುತ್ತದೆ. ಪ್ಲಾಸ್ಟಿಕ್ ಭಾಗಗಳಿಗೆ ಅದು ತಾಗದಿರಲಿ.

ಹಳೆಯದನ್ನು ಕೊಳ್ಳುವುದಾದರೆ

ಈ ಸಲಕರಣೆ ದುಬಾರಿಯಾದ್ದರಿಂದ ಬಳಸಿದ್ದನ್ನು ಕೊಳ್ಳುವವರೇ ಹೆಚ್ಚು. ಬೈಂಡಿಂಗ್‌ನ ಪಿನ್ ತೂತುಗಳು ದುಂಡಗೆ ಉಳಿದಿವೆಯೇ, ಸವೆದು ಮೊಟ್ಟೆಯಾಕಾರಕ್ಕೆ ಬಂದಿವೆಯೇ ಎಂದು ಹತ್ತಿರದ ಚಿತ್ರ ತರಿಸಿ ನೋಡಿ. ಮುಂದಿನ ಕಮಾನಿನ ಬಾಗಿನಲ್ಲಿ ಗೀರು, ತುಕ್ಕು, ಬಿರುಕು ಇದ್ದರೆ ಅದನ್ನು ಬದಲಿಸಲು ಬಿಡಿಭಾಗ ಸಿಗುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಂಡೇ ಮುಂದುವರಿಯಿರಿ. ಸಾವಿರಾರು ಸಲ ಬಾಗಿದ ಉಕ್ಕು ಬಳಲಿ ಒಂದು ದಿನ ತುಂಡಾಗುತ್ತದೆ. ಹಿಮ್ಮಡಿಯನ್ನು ಕೈಯಲ್ಲಿ ಹಿಡಿದು ಕೇಬಲ್ ಎಳೆದಾಗ ಎರಡು ಪಿನ್‌ಗಳೂ ಪೂರ್ತಿ ಒಳಹೋಗಬೇಕು, ಬಿಟ್ಟಾಗ ಎರಡೂ ಒಟ್ಟಿಗೆ ಚಿಮ್ಮಬೇಕು. ಒಂದು ಸೋಮಾರಿಯಾಗಿದ್ದರೆ ಒಳಗೆ ಮಣ್ಣು ಸೇರಿದೆ ಅಥವಾ ಸ್ಪ್ರಿಂಗ್ ಸೋತಿದೆ ಎಂದರ್ಥ. ಇಂಟೆಕ್ ಅಲ್ಲದ ಹಳೆಯ ಸ್ಟೆಪ್-ಇನ್‌ಗಳು ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಹಳೆಯ ಬೂಟಿನ ಚಿಪ್ಪೂ ಹಾಗೆಯೇ. ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಪೆಡಸಾಗಿ, ಚಳಿಯಲ್ಲಿ ಮಡಕೆಯಂತೆ ಒಡೆಯುತ್ತದೆ.

ಹಿಮಕ್ಕೆ ಇಳಿಯುವ ಮೊದಲು, ಇಳಿದ ಮೇಲೆ

ಮನೆಯ ಜಮಖಾನೆಯ ಮೇಲೆ ಬೋರ್ಡನ್ನಿಟ್ಟು ಕನಿಷ್ಠ ಇಪ್ಪತ್ತು ಸಲ ಹತ್ತಿ ಇಳಿಯಿರಿ. ಮುಂದಿನ ಕಮಾನಿನ ಉದ್ದ ಸರಿಯಿದ್ದರೆ, ಮೈಭಾರ ಹಾಕಿ ತುಳಿದಾಗ ಹಿಮ್ಮಡಿ ಗಟ್ಟಿಯಾಗಿ ಕೂತು ಸದ್ದು ಮಾಡುತ್ತದೆ, ಆಮೇಲೆ ಹಿಂದೆ ಮುಂದೆ ಅಲುಗಾಡುವುದಿಲ್ಲ. ಎಗರಿ ತುಳಿಯಬೇಕಾಗಿ ಬಂದರೆ ಕಮಾನು ಗಿಡ್ಡ. ಕೂತ ಮೇಲೂ ಕಟಕಟ ಅಂದರೆ ಉದ್ದ. ಬೂಟಿನ ತಳ ಕಾಂಕ್ರೀಟಿನ ಮೇಲೆ ನಡೆದು ಸವೆಯುತ್ತದೆ, ಆದ್ದರಿಂದ ಪ್ರತಿ ಚಳಿಗಾಲದ ಆರಂಭದಲ್ಲಿ ಈ ಹೊಂದಾಣಿಕೆಯನ್ನು ಮತ್ತೆ ಮಾಡಬೇಕು.

ಬೆಟ್ಟದ ಮೇಲೆ ರೂಢಿಸಿಕೊಳ್ಳಬೇಕಾದ ಶಿಸ್ತು ಒಂದೇ: ಪ್ರತಿ ಸಲವೂ ಎರಡು ಪಿನ್‌ಗಳನ್ನೂ ಪರೀಕ್ಷಿಸುವುದು. ಒಂದು ಮುಂಜಾನೆ ಲಿಫ್ಟಿನಿಂದ ಇಳಿದು ಹಿಂದಿನ ಕಾಲನ್ನು ತುಳಿದಾಗ ನನಗೆ ಸದ್ದು ಕೇಳಿಸಿತು, ಹೊರಟೆ. ಎರಡನೆಯ ತಿರುವಿನಲ್ಲಿ ಹಿಮ್ಮಡಿ ಮೇಲೆದ್ದಿತು. ಹೊರಬದಿಯ ಪಿನ್ ಕೂತಿತ್ತು, ಒಳಬದಿಯ ತೂತಿನಲ್ಲಿ ಮಂಜುಗಡ್ಡೆ ತುಂಬಿದ್ದರಿಂದ ಇನ್ನೊಂದು ಅರ್ಧಕ್ಕೇ ನಿಂತಿತ್ತು. ಇಳಿಜಾರು ಅಲ್ಲಿ ಮೆಲುವಾಗಿದ್ದುದರಿಂದ ಮೊಣಕಾಲು ಉಳಿಯಿತು. ಅಂದಿನಿಂದ ನಾನು ಸದ್ದನ್ನು ನಂಬುವುದಿಲ್ಲ. ತುಳಿಯುವ ಮೊದಲು ಹಿಮ್ಮಡಿಯ ತಳವನ್ನು ಬೈಂಡಿಂಗ್‌ನ ಮುಂದಿನ ಕಮಾನಿಗೆ ಉಜ್ಜಿ ಹಿಮವನ್ನು ಕೆರೆದು ತೆಗೆಯುತ್ತೇನೆ, ತೂತುಗಳನ್ನು ನೋಡುತ್ತೇನೆ, ತುಳಿದ ಮೇಲೆ ಹಿಮ್ಮಡಿಯನ್ನು ಬಲವಾಗಿ ಮೇಲಕ್ಕೆಳೆದು ಎಡಕ್ಕೂ ಬಲಕ್ಕೂ ತಿರುಚಿ ನೋಡುತ್ತೇನೆ. ಐದು ಸೆಕೆಂಡಿನ ಕೆಲಸ. ಈ ಐದು ಸೆಕೆಂಡನ್ನು ದಿನವಿಡೀ ಕೊಡಲು ಮನಸ್ಸಿಲ್ಲದವರು ಬೇಲ್ ಬೈಂಡಿಂಗ್ ಕೊಳ್ಳುವುದೇ ಮೇಲು.

ಬಿಡಿಸಿಕೊಂಡ ಬೋರ್ಡನ್ನು ಹಿಮದ ಮೇಲೆ ಬೈಂಡಿಂಗ್ ಕೆಳಗಾಗುವಂತೆ ಬೋರಲಾಗಿ ಇಡಿ. ಸ್ಟೆಪ್-ಇನ್‌ನಲ್ಲಿ ಬೂಟು ಕ್ಷಣದಲ್ಲಿ ಹೊರಬರುವುದರಿಂದ ಬೋರ್ಡ್ ತಾನಾಗಿ ಇಳಿಜಾರಿನಲ್ಲಿ ಓಡಿ ಯಾರಿಗಾದರೂ ಬಡಿಯುವ ಅಪಾಯವಿದೆ. ಮನೆಗೆ ಬಂದ ಮೇಲೆ ಹಿಮ್ಮಡಿಯನ್ನು ಒರೆಸಿ, ಒಣಗಿಸಿ, ಪಿನ್‌ಗಳಿಗೆ ಜಿಡ್ಡಿಲ್ಲದ ಸಿಲಿಕೋನ್ ಸಿಂಪಡಣೆ ಹಾಕಿ. ಗ್ರೀಸ್ ಹಚ್ಚಿದರೆ ಅದಕ್ಕೆ ಮರಳು ಅಂಟಿಕೊಳ್ಳುತ್ತದೆ.

ಕೇಬಲ್ಲಿನ ಎಳೆಗಳು ಬಿಚ್ಚಿಕೊಳ್ಳುತ್ತಿರುವುದು ಕಂಡರೆ ಅಂದೇ ಬದಲಾಯಿಸಿ, ಜೇಬಿನ ಚೀಲದಲ್ಲಿ ಒಂದು ಹೆಚ್ಚುವರಿ ಕೇಬಲ್ಲನ್ನೂ ಸ್ಕ್ರೂಡ್ರೈವರನ್ನೂ ಇಟ್ಟುಕೊಂಡಿರಿ. ಇಳಿಜಾರಿನ ನಡುವೆ ಅದು ತುಂಡಾದರೆ ಪಿನ್ ಒಳಹೋಗದು, ಬೂಟು ಬೋರ್ಡಿಗೆ ಅಂಟಿಕೊಂಡೇ ಉಳಿಯುತ್ತದೆ. ಆಗ ಗಾಬರಿಯಾಗಬೇಕಾಗಿಲ್ಲ: ಎರಡೂ ಕಾಲು ಕಟ್ಟಿಕೊಂಡಿದ್ದರೆ ಮೆಲ್ಲನೆ ಕೆಳಗಿನ ನಿಲ್ದಾಣದವರೆಗೆ ಇಳಿದುಬನ್ನಿ, ಅಲ್ಲಿ ಕುಳಿತು ಬಕಲ್‌ಗಳನ್ನು ಬಿಚ್ಚಿ, ಬೂಟನ್ನು ಬೋರ್ಡಿನಲ್ಲೇ ಬಿಟ್ಟು ಕಾಲನ್ನು ಮಾತ್ರ ಹೊರತೆಗೆದು, ಸ್ಕ್ರೂಡ್ರೈವರ್ ಹಿಡಿದು ಬೈಂಡಿಂಗ್‌ನ ಹಿಮ್ಮಡಿಯ ತುಂಡನ್ನು ಬಿಚ್ಚಿ.